ಮರದ ಕಯಾಕಿನ ಅಂಚುಪಟ್ಟಿ

ಕಯಾಕ್ ಎಂಬ ಉದ್ದನೆಯ ಕಿರಿದೋಣಿಯ ಮೇಲ್ಭಾಗ ಮಿಕ್ಕ ದೋಣಿಗಳಂತೆ ತೆರೆದಿರದೆ ಪೂರ್ತಿ ಮುಚ್ಚಿರುತ್ತದೆ. ಹುಟ್ಟು ಹಾಕುವವನು ಕಾಲುಗಳನ್ನು ಒಳಗೆ ನೀಡಿಕೊಂಡು ಕೂರುವುದಕ್ಕೆ ನಡುವೆ ಒಂದೇ ಒಂದು ಕಂಡಿ ಇರುತ್ತದೆ. ಕಾಕ್‌ಪಿಟ್ ಎನ್ನುವುದು ಈ ಕಂಡಿಯನ್ನೇ. ತುಂಗಭದ್ರೆಯ ಹರಿಗೋಲಿನಲ್ಲಿ ನೀರನ್ನು ಹೊರಗಿಡುವುದು ಅಂಚಿನ ಎತ್ತರವಾದರೆ, ಕಯಾಕಿನಲ್ಲಿ ಆ ಕೆಲಸವನ್ನು ಮಾಡುವುದು ಕೂತವನ ಸೊಂಟಕ್ಕೂ ಕಂಡಿಯ ಅಂಚಿಗೂ ನಡುವೆ ಬಿಗಿಯುವ ಒಂದು ಹೊದಿಕೆ. ಸ್ಪ್ರೇ ಸ್ಕರ್ಟ್ ಎಂದು ಕರೆಯುವ ಈ ಹೊದಿಕೆಯ ಸುತ್ತಂಚಿನಲ್ಲಿ ರಬ್ಬರಿನ ಎಳೆಹುರಿ ಇರುತ್ತದೆ, ಆ ಹುರಿ ಸಿಕ್ಕಿಕೊಳ್ಳುವುದಕ್ಕೆಂದು ಕಂಡಿಯ ಸುತ್ತ ಕಟ್ಟುವ ಮರದ ಉಂಗುರವೇ ಕೋಮಿಂಗ್, ಅಂದರೆ ಅಂಚುಪಟ್ಟಿ. ಮನೆಯಲ್ಲಿ ಮರದ ಕಯಾಕ್ ಕಟ್ಟುವವರಿಗೆ ಇಡೀ ದೋಣಿಯಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವ ಭಾಗಗಳಲ್ಲಿ ಇದೂ ಒಂದು.

ಅಂಚುಪಟ್ಟಿಗೆ ಎರಡು ಅಂಗಗಳು: ಮೇಲ್ಹೊದಿಕೆಯಿಂದ ಎರಡು ಎರಡೂವರೆ ಸೆಂಟಿಮೀಟರ್ ಎದ್ದು ನಿಲ್ಲುವ ಕಿರುಗೋಡೆ, ಮತ್ತು ಆ ಗೋಡೆಯ ನೆತ್ತಿಯಿಂದ ಹೊರಕ್ಕೆ ಸುಮಾರು ಎರಡು ಸೆಂಟಿಮೀಟರ್ ಚಾಚಿದ ತುಟಿ. ಹುರಿ ತುಟಿಯ ಕೆಳಗೆ ಗೋಡೆಯನ್ನು ಅಪ್ಪಿಕೊಂಡು ಕೂರುತ್ತದೆ. ಗ್ರೀನ್‌ಲ್ಯಾಂಡಿನ ಇನುಯಿಟ್ ಬೇಟೆಗಾರರು ಇದನ್ನು ಸಾಧಿಸಿದ ಬಗೆ ಇನ್ನೂ ಸರಳವಾಗಿತ್ತು. ದೊಡ್ಡ ಮರಗಳೇ ಬೆಳೆಯದ ಆ ನಾಡಿನಲ್ಲಿ, ಸೈಬೀರಿಯಾದ ನದಿಗಳಿಂದ ಸಮುದ್ರಕ್ಕೆ ಸೇರಿ ಪ್ರವಾಹಗಳ ಜೊತೆ ತೇಲಿಬಂದ ಮರವನ್ನು ಅವರು ಬಾಗಿಸಿ ಬಳೆ ಮಾಡುತ್ತಿದ್ದರು. ಆ ಬಳೆಯನ್ನು ದೋಣಿಯ ಚೌಕಟ್ಟಿಗೆ ಬಿಗಿಯದೆ, ಮುಂದೆ ಮಾಸಿಕ್ ಎಂಬ ಕಮಾನುತೊಲೆಯ ಮೇಲೂ ಹಿಂದೆ ಇನ್ನೊಂದು ತಗ್ಗಿನ ತೊಲೆಯ ಮೇಲೂ ಒರಗಿಸಿ, ದೋಣಿಗೆ ಹೊದಿಸಿದ ಸೀಲ್ ಚರ್ಮಕ್ಕೆ ಹೊಲಿಯುತ್ತಿದ್ದರು. ಅಲೆಗಳ ಮೇಲೆ ಚೌಕಟ್ಟು ಬಳುಕಿದರೂ ಬಳೆಯ ಮೇಲೆ ಅದರ ಒತ್ತಡ ಅಷ್ಟಾಗಿ ಬೀಳುತ್ತಿರಲಿಲ್ಲ.

ಪ್ಲೈವುಡ್ ಅಥವಾ ಸೀಡರ್ ಪಟ್ಟಿಗಳಿಂದ ಕಟ್ಟುವ ಇಂದಿನ ಕಯಾಕಿಗೆ ಈ ಅನುಕೂಲವಿಲ್ಲ. ಅಲ್ಲಿ ದೋಣಿಯ ಚಿಪ್ಪೇ ಬಲ, ಆ ಚಿಪ್ಪಿನಲ್ಲೇ ಕಂಡಿ ಕೊರೆಯಬೇಕು. ಎಳೆತಕ್ಕೆ ಒಳಗಾದ ಅಗಲವಾದ ಹಲಗೆಯಲ್ಲಿ ದುಂಡನೆಯ ತೂತು ಇದ್ದರೆ ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ. ಕೇಂಬ್ರಿಜ್‌ನ ಎಂಜಿನಿಯರ್ ಚಾರ್ಲ್ಸ್ ಇಂಗ್ಲಿಸ್ 1913ರಲ್ಲಿ ತೋರಿಸಿಕೊಟ್ಟಂತೆ, ತೂತು ಎಳೆತದ ದಿಕ್ಕಿನಲ್ಲಿ ಉದ್ದವಾದ ಅಂಡಾಕಾರವಾಗಿದ್ದು ಉದ್ದ ಅಗಲದ ಎರಡರಷ್ಟಿದ್ದರೆ ಅದು ಎರಡು ಪಟ್ಟಿಗೆ ಇಳಿಯುತ್ತದೆ. ಸುಮಾರು 80 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲದ ಕಂಡಿ ಕಾಲು ತೂರಿಸಲು ಮಾತ್ರವಲ್ಲ, ಈ ಲೆಕ್ಕಕ್ಕೂ ಒಪ್ಪುವಂಥದು. ಆದರೆ ಕಯಾಕಿನ ಒಟ್ಟು ಅಗಲವೇ 60 ಸೆಂಟಿಮೀಟರಿನ ಆಸುಪಾಸು ಆಗಿರುವುದರಿಂದ ಕಂಡಿಯ ಎರಡೂ ಬದಿಯಲ್ಲಿ ಉಳಿಯುವ ಮೇಲ್ಹೊದಿಕೆ ಬಹಳ ಕಿರಿದು, ಅದರ ನಿಜವಾದ ಪಾಡು ಲೆಕ್ಕಕ್ಕಿಂತ ಕಷ್ಟದ್ದು. ಕಳೆದುಹೋದ ಬಿಗುವನ್ನು ಒಂದಷ್ಟು ಮರಳಿ ತರುವುದು ಅಂಚುಪಟ್ಟಿಯ ಗೋಡೆ. ದೋಣಿಯೊಳಕ್ಕೆ ಇಳಿಯುವವನು ಮೊದಲು ಅಂಚುಪಟ್ಟಿಯ ಹಿಂಭಾಗದ ಮೇಲೆ ಕೂತು ತನ್ನ ಪೂರ್ತಿ ಭಾರವನ್ನು ಹಾಕುವುದು ವಾಡಿಕೆಯಾದ್ದರಿಂದ, ಆ ಭಾಗದ ಕೆಳಗೆ ಆಸರೆ ಕೊಡುವುದನ್ನು ಮರೆಯಲಾಗದು.

ಇಷ್ಟು ಬೇಡಿಕೆಗಳನ್ನು ಹೊರುವ ಉಂಗುರವನ್ನು ಮರದಿಂದ ಮಾಡುವುದೇ ಕಷ್ಟದ ಕೆಲಸ, ಏಕೆಂದರೆ ಮರದ ಬಲವೆಲ್ಲ ಅದರ ಎಳೆಗಳ ಉದ್ದಕ್ಕೆ ಇರುತ್ತದೆ. ದಪ್ಪ ಹಲಗೆಯೊಂದರಿಂದ ಉಂಗುರವನ್ನು ಕೊರೆದು ತೆಗೆದರೆ, ಎರಡು ಕಡೆ ಎಳೆಗಳು ಉಂಗುರಕ್ಕೆ ಅಡ್ಡವಾಗಿ ತುಂಡಾಗಿ, ಮೊದಲ ಪೆಟ್ಟಿಗೇ ಅಲ್ಲಿ ಮುರಿಯುತ್ತದೆ. ಬಾಗಿಸೋಣವೆಂದರೆ ಲೆಕ್ಕ ಅಡ್ಡ ಬರುತ್ತದೆ. ಪಟ್ಟಿಯನ್ನು ಬಾಗಿಸಿದಾಗ ಅದರ ಹೊರಮೈ ಹಿಗ್ಗುವ ಪ್ರಮಾಣವು ಪಟ್ಟಿಯ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದಾಗ ಸಿಗುತ್ತದೆ. 18 ಮಿಲಿಮೀಟರ್ ದಪ್ಪದ ಪಟ್ಟಿಯನ್ನು 200 ಮಿಲಿಮೀಟರ್ ತ್ರಿಜ್ಯಕ್ಕೆ ಬಾಗಿಸಿದರೆ ಹೊರಮೈ ಶೇಕಡಾ 4.5ರಷ್ಟು ಹಿಗ್ಗಬೇಕು, ಒಣಮರವಾದರೋ ಶೇಕಡಾ ಒಂದರ ಸುಮಾರಿಗೇ ಸಿಡಿಯುತ್ತದೆ. 3 ಮಿಲಿಮೀಟರ್ ಪಟ್ಟಿಗೆ ಅದೇ ಬಾಗಿನಲ್ಲಿ ಬೇಕಾದ ಹಿಗ್ಗು ಶೇಕಡಾ 0.75 ಮಾತ್ರ.

ಹಳೆಯ ದಾರಿ ಆವಿಯದು. ಮರದ ಎಳೆಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್ ಎಂಬ ಪದಾರ್ಥವು ತೇವ ಮತ್ತು ಕುದಿನೀರಿನ ಶಾಖ ಎರಡೂ ಸೇರಿದಾಗ ಮೆತ್ತಗಾಗುತ್ತದೆ. ಒಂದು ಅಂಗುಲ ದಪ್ಪಕ್ಕೆ ಒಂದು ಗಂಟೆಯ ಆವಿ ಎಂಬುದು ಬಡಗಿಗಳ ಅಂದಾಜು. ಹೀಗೆ ಬೆಂದ ಮರ ಒಳಮೈಯಲ್ಲಿ ಬಹಳಷ್ಟು ಕುಗ್ಗಬಲ್ಲದೇ ಹೊರತು ಹೊರಮೈಯಲ್ಲಿ ಅಷ್ಟಾಗಿ ಹಿಗ್ಗಲಾರದಾದ್ದರಿಂದ, ಹೊರಗಡೆ ಉಕ್ಕಿನ ಪಟ್ಟಿಯನ್ನು ಬಿಗಿದು ಬಾಗಿಸುತ್ತಾರೆ. ಓಕ್ ಮತ್ತು ಆಶ್ ಮರಗಳು ಈ ಕೆಲಸಕ್ಕೆ ಹೆಸರಾದವು. ಗೂಡಿನಲ್ಲಿ ಒಣಗಿಸಿದ್ದಕ್ಕಿಂತ ಗಾಳಿಯಲ್ಲಿ ಒಣಗಿದ್ದು ಮೇಲು.

ಮನೆಯಲ್ಲಿ ಕಟ್ಟುವವರಿಗೆ ಪದರಗಳ ದಾರಿಯೇ ಹೆಚ್ಚು ಒಗ್ಗುತ್ತದೆ ಎಂಬುದು ಈ ಲೇಖನದ ನಿಲುವು. 3 ಮಿಲಿಮೀಟರ್ ದಪ್ಪದ ಆರು ಪಟ್ಟಿಗಳನ್ನು ಎಪಾಕ್ಸಿ ಅಂಟು ಸವರಿ ಗೋಡೆಯ ಸುತ್ತ ಒಂದರ ಹೊರಗೊಂದರಂತೆ ಸುತ್ತಿದರೆ 18 ಮಿಲಿಮೀಟರಿನ ತುಟಿ ಸಿದ್ಧವಾಗುತ್ತದೆ. ಬಾಗುವಿಕೆಗೆ ಪಟ್ಟಿ ಒಡ್ಡುವ ತಡೆ ಅದರ ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, ಅಂಟು ಇನ್ನೂ ಹಸಿಯಾಗಿದ್ದು ಪದರಗಳು ಒಂದರ ಮೇಲೊಂದು ಜಾರುವಾಗ ಆರೂ ಪಟ್ಟಿಗಳ ಒಟ್ಟು ತಡೆ ಇಡೀ ತುಂಡಿನ 36ರಲ್ಲಿ ಒಂದು ಪಾಲು. ಅಂಟು ಗಟ್ಟಿಯಾಗಿ ಜಾರುವುದು ನಿಂತ ಕೂಡಲೇ ಪೂರ್ತಿ ಬಿಗುವು ಬಂದುಬಿಡುತ್ತದೆ. ಕಂಡಿಯ ಮುಂತುದಿಯಂತಹ ಬಿಗಿ ತಿರುವಿನಲ್ಲಿ ತ್ರಿಜ್ಯ 100 ಮಿಲಿಮೀಟರಿಗೆ ಇಳಿದರೆ 3 ಮಿಲಿಮೀಟರ್ ಪಟ್ಟಿಯೂ ಮುರಿಯಬಹುದಾದ್ದರಿಂದ, ಅಲ್ಲಿಗೆ ಇನ್ನೂ ತೆಳುವಾದದ್ದೇ ಲೇಸು. ಅಂಟು ಗಟ್ಟಿಯಾಗುವವರೆಗೆ ಸುತ್ತಲೂ ಬೆರಳಗಲಕ್ಕೊಂದರಂತೆ ಕ್ಲ್ಯಾಂಪು ಬೇಕು, ಅಷ್ಟು ಕ್ಲ್ಯಾಂಪು ಯಾವ ಮನೆಯಲ್ಲೂ ಇರುವುದಿಲ್ಲ. ಪಿವಿಸಿ ಕೊಳವೆಯನ್ನು ಬಳೆಗಳಾಗಿ ಕತ್ತರಿಸಿ, ಪ್ರತಿ ಬಳೆಯನ್ನು ಒಂದು ಕಡೆ ಸೀಳಿದರೆ ಅಗ್ಗದ ಸ್ಪ್ರಿಂಗ್ ಕ್ಲ್ಯಾಂಪುಗಳು ದೊರೆಯುತ್ತವೆ.

ಪ್ಲೈವುಡ್ಡಿನ ಉಂಗುರಗಳನ್ನು ಕೊರೆದು ಒಂದರ ಮೇಲೊಂದು ಅಂಟಿಸುವುದು ಇನ್ನೊಂದು ದಾರಿ. ಪ್ಲೈವುಡ್ಡಿನ ಪದರಗಳ ಎಳೆಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ಉಂಗುರ ಎಲ್ಲಿಯೂ ಪೂರ್ತಿ ದುರ್ಬಲವಾಗುವುದಿಲ್ಲ, ಮತ್ತು ತೆಳು ಉಂಗುರಗಳು ಮೇಲ್ಹೊದಿಕೆಯ ಕಮಾನಿಗೆ ಹೊಂದಿಕೊಂಡು ಬಾಗುತ್ತವೆ. ಭಾರತದಲ್ಲಿ ಕೊಳ್ಳುವವರು ನೋಡಬೇಕಾದ ಗುರುತು ಐಎಸ್ 710, ಅಂದರೆ ಮರೈನ್ ಪ್ಲೈವುಡ್ಡಿನ ಮಾನಕ. ಕತ್ತರಿಸಿದ ಅಂಚುಗಳು ನೀರನ್ನು ಹೀರುತ್ತವಾದ್ದರಿಂದ ಅವನ್ನು ಎಪಾಕ್ಸಿಯಿಂದ ಮುಚ್ಚಿ, ಎಪಾಕ್ಸಿ ಬಿಸಿಲಿಗೆ ಕೆಡುತ್ತದಾದ್ದರಿಂದ ಅದರ ಮೇಲೆ ನೇರಳಾತೀತ ಕಿರಣಗಳನ್ನು ತಡೆಯುವ ವಾರ್ನಿಶ್ ಬಳಿಯಬೇಕು.

ಆಕಾರದ ಮಾತಿಗೆ ಬಂದರೆ, ನೋಟಕ್ಕೆ ಚೆಂದವಾದದ್ದು ಹಲವೊಮ್ಮೆ ಕೆಲಸಕ್ಕೆ ಬಾರದು. ಎಳೆದು ಕಟ್ಟಿದ ಹುರಿಯು ಗೋಡೆಯ ಮೇಲೆ ಹಾಕುವ ಒತ್ತು ಹುರಿಯ ಬಿಗಿಯನ್ನು ಆ ಜಾಗದ ತ್ರಿಜ್ಯದಿಂದ ಭಾಗಿಸಿದಷ್ಟು. ಆದ್ದರಿಂದ ತುದಿಗಳಲ್ಲಿ ಹುರಿ ಗಟ್ಟಿಯಾಗಿ ಅಪ್ಪಿಕೊಂಡರೆ, ಬದಿಗಳು ನೆಟ್ಟಗಿದ್ದಲ್ಲಿ ಅದು ಗೋಡೆಯನ್ನು ಒತ್ತುವುದೇ ಇಲ್ಲ. ಮೇಲೆ ಹೇಳಿದ ಅಳತೆಯ ಅಂಡಾಕಾರದ ಕಂಡಿಯ ಹೊದಿಕೆಯ ಮೇಲೆ ಅಲೆಯೊಂದು ಬಿದ್ದು ಹತ್ತು ಸೆಂಟಿಮೀಟರ್ ನೀರು ನಿಂತರೆ ಅದರ ಭಾರ ಸುಮಾರು 25 ಕಿಲೊ, ಆ ಭಾರಕ್ಕೆ ಹೊದಿಕೆ ಒಳಕ್ಕೆ ಜಗ್ಗಿ ಹುರಿ ಮೊದಲು ಕಳಚುವುದು ಇಂಥ ನೆಟ್ಟನೆಯ ಬದಿಯಲ್ಲೇ. ಬದಿಗಳಿಗೆ ಅಲ್ಪವಾದರೂ ಹೊರಬಾಗು ಕೊಡುವುದು ಮತ್ತು ತುಟಿಯ ಅಗಲವನ್ನು ಅಲ್ಲಿ ಕಡಿಮೆ ಮಾಡದಿರುವುದು ಇದಕ್ಕೆ ಪರಿಹಾರ.

ಹಾಗೆಂದು ತುಟಿಯನ್ನು ಬೇಕಾದಷ್ಟು ಅಗಲ ಮಾಡುವಂತಿಲ್ಲ. ಕಯಾಕ್ ಮಗುಚಿ, ಮೇಲೇಳಲಾಗದೆ ತಲೆಕೆಳಗಾಗಿ ಉಳಿದವನು, ಹೊದಿಕೆಯ ಮುಂದಿರುವ ಹಿಡಿಕುಣಿಕೆಯನ್ನು ಎಳೆದು ಹುರಿಯನ್ನು ಕಳಚಿಕೊಂಡೇ ಹೊರಬರಬೇಕು. ತೀರ ಅಗಲವಾದ ಅಥವಾ ಒಳಗಡೆ ಒರಟಾಗಿ ಉಳಿದ ತುಟಿ ಆಗ ಅಪಾಯವಾಗುತ್ತದೆ. ತುಟಿಯ ಅಡಿಯಲ್ಲಿ ಒಣಗಿದ ಎಪಾಕ್ಸಿಯ ಹನಿಗಳನ್ನು ಉಜ್ಜಿ ತೆಗೆದು, ಅಂಚನ್ನು ಗುಂಡಗೆ ಮಾಡುವುದು ಈ ಕಾರಣಕ್ಕೆ. ಅಂಚುಪಟ್ಟಿ ಮುಗಿದ ಮೇಲೆ ನೆಲದ ಮೇಲೆಯೇ ದೋಣಿಯಲ್ಲಿ ಕೂತು, ಹೊದಿಕೆಯನ್ನು ಬಿಗಿದು, ಕಣ್ಣು ಮುಚ್ಚಿ ಒಂದೇ ಕೈಯಲ್ಲಿ ಕಳಚಿ ನೋಡಬೇಕು. ಬಾರದಿದ್ದರೆ ಅರ ಹಿಡಿದು ಮುಂದಿನ ತುಟಿಯನ್ನು ಕಿರಿದು ಮಾಡಬೇಕು. ಆಮೇಲಷ್ಟೇ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು, ಎದೆಮಟ್ಟದ ನೀರಿನಲ್ಲಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು.