ಹತ್ತು ನಿಮಿಷ ಹಳೆಯ ಸುದ್ದಿ

ಕಳೆದ ಮಳೆಗಾಲದಲ್ಲಿ ನಾವು ನಾಲ್ಕು ಜನ ಸಕಲೇಶಪುರದ ಹತ್ತಿರ ತೋಟದ ಮಧ್ಯೆ ಇರುವ ಗೆಳೆಯನ ಮನೆಗೆ ಹೋಗಿದ್ವಿ. ರಾತ್ರಿ ಮೂರು ಗಂಟೆಗೆ ಅವನ ಅಜ್ಜಿಯ ಮೊಬೈಲ್ ಕೂಗಿಕೊಂಡಿತು. ಶುಗರ್ 58. ಅದು 70ಕ್ಕಿಂತ ಇಳಿಯಬಾರದು. ತೀರಾ ಇಳಿದರೆ ಇನ್ಸುಲಿನ್ ತಗೊಳ್ಳೋರು ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ನಮಗೆ ಕೈಕಾಲು ಆಡಲಿಲ್ಲ. ಗೆಳೆಯನ ಅಮ್ಮ ಅಜ್ಜಿಯನ್ನು ಎಬ್ಬಿಸಿ, ಟಾರ್ಚ್ ಬೆಳಕಲ್ಲಿ ಬೆರಳಿಗೆ ಸೂಜಿ ಚುಚ್ಚಿ ನೋಡಿದ್ರು. 124! "ಆ ಕೈ ಮೇಲೆ ಮಲಗ್ಬೇಡಿ ಅಂದಿದ್ನಲ್ಲ" ಅಂದ್ರು, ಅಷ್ಟೇ.

ಸೆನ್ಸರ್ ಕೆಟ್ಟಿದೆ ಅಂತ ನಾವು ತೀರ್ಪು ಕೊಟ್ಟಾಗಿತ್ತು. ಕೆಟ್ಟಿರಲಿಲ್ಲ.

ತೋಳಿಗೆ ಅಂಟಿಸುವ ಈ ಸಿಜಿಎಂ ಬಿಲ್ಲೆ ರಕ್ತವನ್ನು ಅಳೆಯುವುದೇ ಇಲ್ಲ. ಅದರ ಕೂದಲಿನಂಥ ತಂತು ಚರ್ಮದ ಕೆಳಗೆ, ಜೀವಕೋಶಗಳ ನಡುವಿನ ದ್ರವದಲ್ಲಿ ಕೂತಿರುತ್ತದೆ. ತಂತುವಿನ ಮೇಲಿರುವ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಗ್ಲೂಕೋಸ್ ಜೊತೆ ವರ್ತಿಸಿದಾಗ ಎಲೆಕ್ಟ್ರೋಡಿನಲ್ಲಿ ನ್ಯಾನೋ ಆಂಪಿಯರ್ ಲೆಕ್ಕದ ಕರೆಂಟ್ ಹರಿಯುತ್ತದೆ. ಗ್ಲೂಕೋಸ್ ಹೆಚ್ಚಿದಷ್ಟೂ ಕರೆಂಟ್ ಹೆಚ್ಚು. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮುಂದಿಟ್ಟ ಕಿಣ್ವ-ಎಲೆಕ್ಟ್ರೋಡಿನ ಐಡಿಯಾನೇ ಇದರ ಬೇರು. ಅಜ್ಜಿ ತೋಳಿನ ಮೇಲೆ ಭಾರ ಹಾಕಿ ಮಲಗಿದ್ದರಿಂದ ಅಲ್ಲಿಗೆ ರಕ್ತ ಸರಿಯಾಗಿ ಬರಲಿಲ್ಲ, ಅಷ್ಟು ಜಾಗದಲ್ಲಿ ಮಾತ್ರ ಗ್ಲೂಕೋಸ್ ಇಳಿಯಿತು. ಸೆನ್ಸರ್ ತನ್ನ ಸುತ್ತ ಕಂಡದ್ದನ್ನೇ ಹೇಳಿತ್ತು.

ಇದಕ್ಕಿಂತ ಅಪಾಯದ್ದು ಉಲ್ಟಾ ಕೇಸು. ರಕ್ತದ ಗ್ಲೂಕೋಸ್ ಆ ದ್ರವಕ್ಕೆ ಇಳಿಯಲು ಐದರಿಂದ ಹತ್ತು ನಿಮಿಷ ಬೇಕು. ಆಲೂರು ಬಿಟ್ಟ ರೈಲಿನ ಸುದ್ದಿ ನಮಗೆ ಮುಟ್ಟೋ ಹೊತ್ತಿಗೆ ರೈಲು ಬಾಳ್ಳುಪೇಟೆ ಕಡೆ ಬಂದಿರುತ್ತಲ್ಲ, ಹಾಗೆ. ತೋಟದ ಏರು ಹತ್ತುವಾಗ ಸ್ಕ್ರೀನ್ 90 ತೋರಿಸಿ ಬಾಣ ನೇರ ಕೆಳಗಿದ್ದರೆ, ರಕ್ತದಲ್ಲಿ ಆಗಲೇ ಇನ್ನೂ ಕಡಿಮೆ ಇರಬಹುದು. ಅದಕ್ಕೇ ಅಂಕಿಗಿಂತ ಬಾಣ ಮುಖ್ಯ. ಬೆವರು, ನಡುಕ ಬಂದರೆ ಸ್ಕ್ರೀನ್ ಏನೇ ಹೇಳಲಿ, ದೇಹವನ್ನೇ ನಂಬಬೇಕು.

ನೆಟ್‌ವರ್ಕ್ ಇಲ್ಲದ ಆ ರಾತ್ರಿ ಅಲಾರಂ ಹೊಡೆದದ್ದು ಹೇಗೆ? ಬಿಲ್ಲೆಯಿಂದ ಮೊಬೈಲಿಗೆ ಹೋಗೋದು ಬ್ಲೂಟೂತ್, ಟವರ್ ಬೇಕಿಲ್ಲ. ಬೆಂಗಳೂರಲ್ಲಿರುವ ಮಗನ ಫೋನಿಗೆ ಎಚ್ಚರಿಕೆ ಹೋಗಲು ಮಾತ್ರ ಇಂಟರ್ನೆಟ್ ಬೇಕು. ಮಗ ನೋಡ್ಕೊಳ್ತಾನೆ ಅನ್ನೋ ಧೈರ್ಯ ಟವರ್ ಇರುವವರೆಗೆ. ಅಜ್ಜಿ ಮೊಬೈಲ್ ಮನೇಲಿಟ್ಟು ಕಣಕ್ಕೆ ಹೋದರಂತೂ ಅಲಾರಂ ಯಾರಿಗೂ ಕೇಳಿಸಲ್ಲ.

ಈಗ ಬಿಲ್ಲೆ ಎಡತೋಳಿಗೆ ಬಂದಿದೆ, ಅಜ್ಜಿ ಬಲ ಮಗ್ಗುಲಿಗೆ ಮಲಗ್ತಾರೆ. ದಿಂಬಿನ ಪಕ್ಕ ಟಾರ್ಚ್, ಗ್ಲೂಕೋಮೀಟರ್, ಗ್ಲೂಕೋಸ್ ಪುಡಿಯ ಡಬ್ಬಿ.