ಬರಿಹೊಟ್ಟೆಗೂ ಒಂದು ಲೆಕ್ಕ ಬೇಕು

“ರಾತ್ರಿ ಹತ್ತರ ಮೇಲೆ ಒಂದು ತೊಟ್ಟು ನೀರೂ ಬೇಡ.” ಆಪರೇಷನ್‌ಗೆ ದಿನ ಗೊತ್ತಾದ ಮನೆಯಲ್ಲಿ ಬೇರೆ ಸೂಚನೆ ಮರೆತರೂ ಈ ಮಾತನ್ನು ಯಾರೂ ಮರೆಯುವುದಿಲ್ಲ. ಬಸರಾಳಿನಿಂದ ಮಂಡ್ಯಕ್ಕೆ ಸುಮಾರು 25 ಕಿ.ಮೀ. ಸಂಜೆ ಏಳಕ್ಕೆ ಮುದ್ದೆ, ಉಪ್ಸಾರು ಉಂಡು ಮಲಗಿ, ಬೆಳಗಿನ ಬಸ್ಸು ಹಿಡಿದು ಬಂದವರ ಸರದಿ ಮಧ್ಯಾಹ್ನ ಎರಡಕ್ಕೆ ಬಂತೆನ್ನಿ. ಅಷ್ಟು ಹೊತ್ತಿಗೆ ಊಟ ಬಿಟ್ಟು 19 ಗಂಟೆ, ನೀರು ಬಿಟ್ಟು 16 ಗಂಟೆ. ಹೊಟ್ಟೆ ಖಾಲಿಯಿರಬೇಕೆಂಬುದು ಸರಿಯೇ. ಆದರೆ ಅದಕ್ಕಾಗಿ ಇಷ್ಟು ಹೊತ್ತು ಗಂಟಲು ಒಣಗಿಸಿಕೊಂಡು ಕೂರಬೇಕಿಲ್ಲ. ಊಟಕ್ಕೂ ನೀರಿಗೂ ಒಂದೇ ಗಡುವು ಹಾಕಿದ್ದೇ ಇಲ್ಲಿನ ತಪ್ಪು.

ನಿಯಮದ ಹಿಂದಿರುವ ಭಯ ಮಾತ್ರ ಸುಳ್ಳಲ್ಲ. ಅರಿವಳಿಕೆ ಕೊಟ್ಟಾಗ ಕೆಮ್ಮುವ, ನುಂಗುವ ಎಚ್ಚರ ದೇಹಕ್ಕಿರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿದರೆ ಜೀವಕ್ಕೇ ಅಪಾಯ. ನ್ಯೂಯಾರ್ಕಿನ ಹೆರಿಗೆ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ 44,016 ಗರ್ಭಿಣಿಯರ ದಾಖಲೆ ಪರಿಶೀಲಿಸಿ ಇಂಥ 66 ಪ್ರಕರಣಗಳನ್ನು ವರದಿ ಮಾಡಿದರು. ಅವರಲ್ಲಿ ಸತ್ತ ಇಬ್ಬರೂ ಗಟ್ಟಿ ಆಹಾರ ಉಸಿರುಗಟ್ಟಿಸಿ ಸತ್ತವರು. ಆದರೂ ಆ ಬಳಿಕ ಅನ್ನಕ್ಕೆ ಬಿದ್ದ ಬೇಲಿಯೇ ನೀರಿಗೂ ಬಿತ್ತು. ಹಳಬರು ಇಷ್ಟು ಬಿಗಿಯಾಗಿರಲಿಲ್ಲ: ಗಟ್ಟಿ ಆಹಾರ ಬೇಡ, ಆದರೆ ಎರಡು ಗಂಟೆ ಮೊದಲು ಒಂದು ಬಟ್ಟಲು ಟೀ ಒಳ್ಳೆಯದು ಎಂದು ಬ್ರಿಟನ್ನಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ 1883ರಲ್ಲೇ ಬರೆದಿದ್ದರು. ಹೊಟ್ಟೆಯ ಕೆಲಸ ನೋಡಿದರೆ ಲಿಸ್ಟರ್ ಮಾತೇ ಸರಿ. ಮುದ್ದೆ, ಅನ್ನ ನುಣ್ಣಗೆ ಅರೆಯುವವರೆಗೂ ಜಠರದಲ್ಲೇ ಉಳಿಯುತ್ತವೆ. ನೀರಿಗೆ ಆ ತಡೆಯಿಲ್ಲ. ಒಂದೆರಡು ಗಂಟೆಯೊಳಗೆ ಬಹುಪಾಲು ಕರುಳಿಗೆ ಇಳಿದುಹೋಗುತ್ತದೆ. ಅದಕ್ಕೇ ಇಂದಿನ ಮಾರ್ಗಸೂಚಿಗಳು ಎಣ್ಣೆ, ಮಾಂಸದ ಊಟಕ್ಕೆ 8 ಗಂಟೆ, ಹಗುರ ತಿಂಡಿಗೂ ಹಾಲಿಗೂ 6 ಗಂಟೆ, ಎದೆಹಾಲಿಗೆ 4 ಗಂಟೆ, ತಿಳಿ ಪಾನೀಯಕ್ಕೆ 2 ಗಂಟೆ ಎಂದು ಬೇರೆ ಬೇರೆ ಗಡುವು ಇಡುತ್ತವೆ.

‘ತಿಳಿ’ ಎಂಬ ಪದದಲ್ಲೇ ಎಡವುವ ಅಪಾಯವಿದೆ. ಅಡುಗೆಮನೆಯಲ್ಲಿ ತಿಳಿ ಎಂದರೆ ತೆಳ್ಳಗೆ. ಆಪರೇಷನ್ ಕೋಣೆಯ ಲೆಕ್ಕದಲ್ಲಿ ಲೋಟದ ಆಚೆ ಬದಿ ಕಾಣಬೇಕು. ನೀರು, ಹಾಲಿಲ್ಲದ ಟೀ, ಸೋಸಿದ ಎಳನೀರು ಸಲ್ಲುತ್ತವೆ. ಎಳನೀರಿನೊಳಗಿನ ಗಂಜಿ, ರಾಗಿ ಅಂಬಲಿ, ಮಜ್ಜಿಗೆ, ಹಾಲು ಬೆರೆತ ಕಾಫಿ ಎಷ್ಟು ನೀರಾಗಿದ್ದರೂ ಸಲ್ಲವು.

ಈಗ ಕೆಲವು ಆಸ್ಪತ್ರೆಗಳು ಕೊಡುವ ಪೌಷ್ಟಿಕ ಪಾನೀಯ ಇನ್ನೊಂದು ಹೆಜ್ಜೆ ಮುಂದಿನದು. ಯಕೃತ್ತು ಸುಮಾರು 100 ಗ್ರಾಂ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ರಾತ್ರಿಯೆಲ್ಲ ಉಪವಾಸವಿದ್ದರೆ ಆ ಕಣಜ ಬರಿದಾಗುತ್ತ ಬರುತ್ತದೆ. ಅದರ ಮೇಲೆ ಕತ್ತರಿ ಬಿದ್ದಾಗ ದೇಹ ಇನ್ಸುಲಿನ್ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ಸ್ನಾಯು ಕರಗುತ್ತದೆ. ಹಸಿದ ಸ್ಥಿತಿಯಲ್ಲಿ ಅಲ್ಲ, ಉಂಡ ಸ್ಥಿತಿಯಲ್ಲಿ ದೇಹವನ್ನು ಆಪರೇಷನ್‌ಗೆ ಒಯ್ದರೆ ಹೇಗೆ ಎಂದು ಸ್ವೀಡನ್ನಿನ ಶಸ್ತ್ರವೈದ್ಯ ಓಲೆ ಯುಂಗ್‌ಕ್ವಿಸ್ಟ್ ಮತ್ತು ಸಂಗಡಿಗರು ಯೋಚಿಸಿದರು. ಹಿಂದಿನ ರಾತ್ರಿ 800 ಮಿ.ಲೀ., ಎರಡು ಗಂಟೆ ಮೊದಲು 400 ಮಿ.ಲೀ. ಎಂಬುದು ಆ ಯೋಚನೆಯಿಂದ ಬಂದ ಪಾನೀಯದ ವಾಡಿಕೆಯ ಅಳತೆ. ಎರಡನೆಯದರಲ್ಲಿ 50 ಗ್ರಾಂ ಪಿಷ್ಟಸಕ್ಕರೆ ಇರುತ್ತದೆ. ಸಕ್ಕರೆ ನಾಡಿನವರು ಕೇಳಬಹುದು: ಹಾಗಾದರೆ ಕಬ್ಬಿನ ಹಾಲು ಸಾಲದೇ? ಸಿಹಿಯ ಪ್ರಮಾಣದಲ್ಲಿ ಎರಡೂ ಬಹಳ ದೂರವಿಲ್ಲ. ಆದರೆ ಕಬ್ಬಿನ ಹಾಲಿನಲ್ಲಿ ಸಿಪ್ಪೆಯ ಚೂರಿದೆ, ಮಡ್ಡಿಯಿದೆ. ಪಾನೀಯದಲ್ಲಿರುವ ಮಾಲ್ಟೋಡೆಕ್ಸ್‌ಟ್ರಿನ್ ಸಕ್ಕರೆಯ ಕಣಗಳು ಸರದಂತೆ ಹೆಣೆದುಕೊಂಡ ಪದಾರ್ಥ. ಅದೇ ತೂಕಕ್ಕೆ ಕಣಗಳ ಎಣಿಕೆ ಕಡಿಮೆಯಾದ್ದರಿಂದ ಜಠರ ಅದನ್ನು ತಡೆದಿಡದೆ ಬೇಗ ಸಾಗಹಾಕುತ್ತದೆ.

ಇದೆಲ್ಲ ಕಂಪನಿಗಳ ವ್ಯಾಪಾರವಲ್ಲವೇ ಎಂಬ ಅನುಮಾನಕ್ಕೂ ಆಧಾರವಿದೆ. 27 ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ಕಾಕ್ರೇನ್ ವಿಮರ್ಶೆಯಲ್ಲಿ ಆಸ್ಪತ್ರೆವಾಸ ಅಲ್ಪಸ್ವಲ್ಪ ತಗ್ಗಿದ್ದು ಕಂಡಿತೇ ಹೊರತು ಆಪರೇಷನ್ ನಂತರದ ತೊಡಕುಗಳು ಕಡಿಮೆಯಾದದ್ದು ಕಾಣಲಿಲ್ಲ. 2018ರಲ್ಲಿ ಪ್ರಕಟವಾದ, 662 ರೋಗಿಗಳ ಇಟಲಿಯ ಅಧ್ಯಯನದಲ್ಲಿ ಪಾನೀಯ ಕುಡಿದವರಿಗೂ ಬರೀ ನೀರು ಕುಡಿದವರಿಗೂ ಸೋಂಕಿನಲ್ಲಿ ವ್ಯತ್ಯಾಸವಿರಲಿಲ್ಲ. ಸಕ್ಕರೆ ಏರಿ ಇನ್ಸುಲಿನ್ ಬೇಕಾದವರು ಮಾತ್ರ ಪಾನೀಯದ ಗುಂಪಿನಲ್ಲಿ ಬಹಳ ಕಡಿಮೆ. ಅಂದರೆ ಈ ಪಾನೀಯದ ಪೊಟ್ಟಣ ಪವಾಡವಲ್ಲ. ಅದನ್ನು ಕೊಳ್ಳಲಾಗದವರು ದೊಡ್ಡದೇನನ್ನೋ ಕಳೆದುಕೊಂಡರೆಂದೂ ಅಲ್ಲ. ಬಾಯಾರಿಕೆ ನೀಗಿಸುವುದಕ್ಕೆ ನೀರು ಸಾಕು, ಅದಕ್ಕೆ ಬೆಲೆಯೂ ಇಲ್ಲ. ಇನ್ನು ನಿಜಕ್ಕೂ ಸೊರಗಿದ ರೋಗಿಗೆ ಎರಡು ಗಂಟೆ ಮೊದಲಿನ ಸಿಹಿನೀರು ಶಕ್ತಿ ತುಂಬದು. ಅಂಥವರಿಗೆ ಒಂದೆರಡು ವಾರ ಮೊದಲೇ ಮೊಟ್ಟೆ, ಕಾಳು, ಹಾಲು ಅಥವಾ ವೈದ್ಯರು ಬರೆದ ಪ್ರೋಟೀನ್ ಪುಡಿ ಕೊಟ್ಟು ಮೈ ಹಿಡಿಸಬೇಕು. ರಕ್ತಹೀನತೆ ಇದ್ದರೆ ಅದನ್ನೂ ಸರಿಪಡಿಸಬೇಕು.

ಇನ್ನೊಂದು ಆಕ್ಷೇಪ ಆಸ್ಪತ್ರೆಯ ಕಡೆಯದು: ಸರದಿ ಹಿಂದುಮುಂದಾಗುತ್ತದೆ, ಹತ್ತು ಗಂಟೆಯವರನ್ನು ಎಂಟಕ್ಕೇ ಕರೆಯಬೇಕಾಗಬಹುದು, ಎಲ್ಲರಿಗೂ ಒಂದೇ ಮಾತು ಹೇಳುವುದು ಕ್ಷೇಮ. ಒತ್ತಡ ನಿಜವಾದದ್ದೇ. ಆದರೆ ಎಲ್ಲರನ್ನೂ ಒಣಗಿಸುವುದೇ ಅದಕ್ಕೆ ಮದ್ದಲ್ಲ. ಪಟ್ಟಿಯ ಮೊದಲಿಗರಿಗೆ ಬಿಗಿ ಗಡುವು ಹೇಳಿ, ಮಧ್ಯಾಹ್ನದವರಿಗೆ ಬೆಳಿಗ್ಗೆ ನೀರು ಕೊಡಲು ನರ್ಸಿನ ಕೈಯಲ್ಲಿ ಒಂದು ಚೀಟಿಯಿದ್ದರೆ ಸಾಕು. ಹಾಗೆಂದು ಎರಡು ಗಂಟೆಯ ಲೆಕ್ಕ ಎಲ್ಲರಿಗೂ ಒಪ್ಪುವುದಿಲ್ಲ. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ಜಠರ ನಿಧಾನವಾಗಿರಬಹುದು. ಕರುಳು ಕಟ್ಟಿದವರು, ಹೆರಿಗೆ ನೋವಿನಲ್ಲಿರುವವರು, ತುರ್ತು ಆಪರೇಷನ್‌ಗೆ ಬಂದವರ ಹೊಟ್ಟೆ ಗಡಿಯಾರದಂತೆ ಖಾಲಿಯಾಗದು. ಅವರ ವಿಷಯದಲ್ಲಿ ಅರಿವಳಿಕೆ ವೈದ್ಯರ ತೀರ್ಮಾನವೇ ಅಂತಿಮ.

ಆದ್ದರಿಂದ ದಾಖಲಾಗುವ ಮುನ್ನ ಮನೆಯವರು “ಎಷ್ಟು ಹೊತ್ತು ಉಪವಾಸ?” ಎಂದು ಒಂದೇ ಪ್ರಶ್ನೆ ಕೇಳಿ ಸುಮ್ಮನಾಗಬಾರದು. ಕೊನೆಯ ಊಟ ಎಷ್ಟು ಗಂಟೆಗೆ, ಕೊನೆಯ ಲೋಟ ನೀರು ಎಷ್ಟು ಗಂಟೆಗೆ ಎಂದು ಬಿಡಿಸಿ ಕೇಳಬೇಕು. ಉತ್ತರ ಬಂದ ಮೇಲೆ ಮೀರಿ ಕುಡಿಯಲೂ ಬಾರದು, ಕುಡಿದದ್ದನ್ನು ಮುಚ್ಚಿಡಲೂ ಬಾರದು. ಬಸರಾಳಿನಿಂದ ಬಸ್ಸು ಹತ್ತುವವರಿಗೆ ದುಬಾರಿ ಪೊಟ್ಟಣಕ್ಕಿಂತ ಮೊದಲು ಬೇಕಾದ್ದು ಆ ಎರಡು ಗಡುವುಗಳನ್ನು ಬೇರೆ ಬೇರೆಯಾಗಿ ಬರೆದ ಚೀಟಿ.