ಹೊಸ ಬೈಕು, ದೂರದ ಊರು: ಗಾಡಿಯ ಜೊತೆ ಮೈಯೂ ಸಿದ್ಧವಾಗಲಿ

ಉಪ್ಪಿನಬೆಟಗೇರಿಯಿಂದ ಬೆಂಗಳೂರಿಗೆ ದುಡಿಯಲು ಹೋದ ಹುಡುಗ ಉಳಿತಾಯದ ಹಣದಲ್ಲಿ ನೂರು ಸಿ.ಸಿ.ಯ ಬೈಕು ಕೊಂಡರೆ, ಅದನ್ನು ಊರಿಗೆ ಓಡಿಸಿಕೊಂಡೇ ಹೋಗಬೇಕೆಂದು ಬಯಸುವುದು ಸಹಜ. ಮನೆಯ ಮುಂದೆ ನಿಲ್ಲಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಅವ್ವನ ಕೈಯಿಂದ ಪೂಜೆ ಮಾಡಿಸುವ ಸಂತೋಷವೇ ಬೇರೆ. ಆದರೆ ಹೊರಡುವ ಮುನ್ನ ಒಂದು ಲೆಕ್ಕ ಹಾಕಿ. ಬೆಂಗಳೂರಿನಿಂದ ಧಾರವಾಡಕ್ಕೇ ಸುಮಾರು 430 ಕಿ.ಮೀ. ಗಂಟೆಗೆ ಸರಾಸರಿ 45 ಕಿ.ಮೀ. ಹೋದರೂ ಊರು ಮುಟ್ಟಲು ಹತ್ತು ಗಂಟೆ ಸೀಟಿನ ಮೇಲೆ ಕೂರಬೇಕು. ಗಾಡಿಗೆ ಎಣ್ಣೆ, ಗಾಳಿ ನೋಡಿಸುವ ನಾವು ಸವಾರನ ದೇಹವನ್ನು ಮಾತ್ರ ಮರೆಯುತ್ತೇವೆ.

ಮೊದಲ ಐನೂರು ಕಿಲೋಮೀಟರು

ಷೋರೂಮಿನಿಂದ ನೇರವಾಗಿ ಹೆದ್ದಾರಿಗೆ ಇಳಿಯಬೇಡಿ. ಹೊಸ ಎಂಜಿನ್ನನ್ನು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದು ಒಳ್ಳೆಯದಲ್ಲ. ಹೊಸ ಟೈರಿನ ಮೈ ನುಣುಪಾಗಿರುತ್ತದೆ, ಬ್ರೇಕು ಇನ್ನೂ ಪಳಗಿರುವುದಿಲ್ಲ. ಮೊದಲ 500 ಕಿ.ಮೀ. ನಗರದಲ್ಲೇ ಓಡಿಸಿ. ಮೊದಲ ಸರ್ವೀಸಿನಲ್ಲಿ ಎಂಜಿನ್ ಆಯಿಲ್ ಮತ್ತು ಸಡಿಲವಾದ ಚೈನನ್ನು ನೋಡಿಸಿ. ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮುನ್ನ, ಕೈಪಿಡಿಯಲ್ಲಿ ಹೇಳಿದಷ್ಟು ತುಂಬಿಸಿ.

ಅಷ್ಟರಲ್ಲಿ ನಿಮ್ಮ ಸೊಂಟ, ಮಣಿಕಟ್ಟುಗಳೂ ಗಾಡಿಗೆ ಒಗ್ಗಿಕೊಳ್ಳುತ್ತವೆ. ಕ್ಲಚ್ ಹಿಡಿದಾಗ ಮಣಿಕಟ್ಟು ನೇರವಾಗಿರುವಂತೆ ಲಿವರ್ ಹೊಂದಿಸಿಕೊಳ್ಳಿ. ಚೆಂದಕ್ಕೆಂದು ಕನ್ನಡಿ ಬಿಚ್ಚಿಸಬೇಡಿ.

ನಿದ್ದೆಗೆಟ್ಟ ಸವಾರಿ

ಹಲವರು ಮಾಡುವ ದೊಡ್ಡ ತಪ್ಪೆಂದರೆ, ಹಗಲೆಲ್ಲ ದುಡಿದು ರಾತ್ರಿ ಹೊರಡುವುದು. ಬೆಳಿಗ್ಗೆ ಆರಕ್ಕೆ ಎದ್ದವರು ರಾತ್ರಿ ಒಂಬತ್ತಕ್ಕೆ ಹೊರಟರೆ, ತುಮಕೂರಿನ ಹತ್ತಿರ ಬರುವ ಹೊತ್ತಿಗೆ ಎಚ್ಚರವಿದ್ದು 17 ಗಂಟೆಯಾಗಿರುತ್ತದೆ. 1997 ಮತ್ತು 2000ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನಗಳ ಪ್ರಕಾರ, ಈ ಸ್ಥಿತಿಯಲ್ಲಿ ಮನುಷ್ಯನ ಚುರುಕುತನ 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯವಿದ್ದವನಷ್ಟೇ ಕುಗ್ಗಿರುತ್ತದೆ. ನಮ್ಮ ಕಾನೂನಿನ ಮಿತಿ 30 ಮಿ.ಗ್ರಾಂ. ಅಂದರೆ ಒಂದು ಹನಿ ಕುಡಿಯದೆಯೂ ನೀವು ಕುಡಿದವರಂತೆ ಗಾಡಿ ಓಡಿಸುತ್ತಿರುತ್ತೀರಿ! 60 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಗಾಡಿ ಸುಮಾರು 67 ಮೀಟರು ತಾನಾಗಿಯೇ ಓಡಿರುತ್ತದೆ. ಚಹಾ ಕುಡಿದರೆ ಅಷ್ಟು ಹೊತ್ತು ಎಚ್ಚರವೆನಿಸಬಹುದು, ಆದರೆ ಅದು ನಿದ್ರೆಗೆ ಬದಲಿಯಲ್ಲ.

ಆದ್ದರಿಂದ ಹಿಂದಿನ ರಾತ್ರಿ ಏಳೆಂಟು ಗಂಟೆ ಮಲಗಿ ಬೆಳಕು ಹರಿದ ಮೇಲೆ ಹೊರಡಿ. ಚಿತ್ರದುರ್ಗ ಅಥವಾ ದಾವಣಗೆರೆಯಲ್ಲಿ ರಾತ್ರಿ ತಂಗಿ, ಮರುದಿನ ಮುಂದುವರಿದರೆ ಇನ್ನೂ ಒಳ್ಳೆಯದು. ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆ. ವೈದ್ಯರನ್ನು ಕೇಳದೆ ನುಂಗಿ ಗಾಡಿ ಹತ್ತಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಪ್ಪಿಸಬಾರದು, ಜೇಬಿನಲ್ಲಿ ಸಕ್ಕರೆ ಇರಲಿ.

ದಾರಿಯಲ್ಲಿ

ಒಂದೂವರೆ ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ಅಡ್ಡಾಡಿ. ಬೆರಳು ಜೋಮು ಹಿಡಿದರೆ ಅದು ಎಂಜಿನ್ನಿನ ಕಂಪನದಿಂದಲೂ ಬಿಗಿ ಹಿಡಿತದಿಂದಲೂ ಬರುವಂಥದ್ದು. ಕೈ ಸಡಿಲಿಸಿ, ವಿಶ್ರಾಂತಿ ಕೊಡಿ. ಬಾಯಾರುವ ಮೊದಲೇ ನೀರು ಕುಡಿಯಿರಿ. ಭಾರದ ಚೀಲವನ್ನು ಬೆನ್ನಿಗೆ ಹಾಕದೆ ಹಿಂದಿನ ಸೀಟಿಗೆ ಬಿಗಿದು ಕಟ್ಟಿ. ಗಾಳಿಯಂತ್ರಗಳು ಕಾಣುವ ಚಿತ್ರದುರ್ಗದ ಬಯಲಿನಲ್ಲಿ ಅಡ್ಡಗಾಳಿ ಹಗುರವಾದ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಅಲ್ಲಿ ವೇಗ ತಗ್ಗಿಸಿ, ಲಾರಿಗಳಿಂದ ದೂರವಿರಿ.

ಐ.ಎಸ್.ಐ. ಮುದ್ರೆಯ ಹೆಲ್ಮೆಟ್ಟಿಗೆ ಗದ್ದದ ಪಟ್ಟಿ ಕಟ್ಟಿರಲೇಬೇಕು. ಹೆಲ್ಮೆಟ್ ಸಾವಿನ ಸಂಭವವನ್ನು ಶೇ. 42ರಷ್ಟು, ತಲೆಯ ಗಾಯವನ್ನು ಶೇ. 69ರಷ್ಟು ತಗ್ಗಿಸುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ವಿಮರ್ಶೆಯೊಂದು ಹೇಳಿದೆ. ಹಿಂದೆ ಕೂತವರಿಗೂ ಇದು ಬೇಕು. ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ. ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯ ನೆರವಿಗೆ 1033 ನೆನಪಿಡಿ.

ಕೊನೆಯ ಹಾದಿ

ಧಾರವಾಡ ಕಂಡೊಡನೆ ಊರು ಬಂದೇಬಿಟ್ಟಿತೆಂದು ಮನಸ್ಸು ಸಡಿಲವಾಗುತ್ತದೆ. ದಣಿದ ದೇಹಕ್ಕೆ ಅದೇ ಅಪಾಯದ ಹೊತ್ತು. ಸಂಜೆಗತ್ತಲಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರು, ಚಕ್ಕಡಿಗಳು ಎದುರಾಗುತ್ತವೆ. ಮಳೆಗಾಲದಲ್ಲಿ ಹೊಲದಿಂದ ಬಂದ ಗಾಲಿಗಳು ರಸ್ತೆಗೆ ತಂದು ಹಾಕಿದ ಎರೆಮಣ್ಣು ಸಾಬೂನಿನಂತೆ ಜಾರುತ್ತದೆ. ಧಾರವಾಡದಲ್ಲಿ ಗಾಡಿ ನಿಲ್ಲಿಸಿ, ಮುಖ ತೊಳೆದು, ಕಾಲು ಗಂಟೆ ಕೂತು ಏಳಿ. ಕತ್ತಲಾಗಿದ್ದರೆ ಅಲ್ಲೇ ಪರಿಚಯದವರ ಮನೆಯಲ್ಲಿ ಉಳಿದುಬಿಡಿ. ನೀವು ಬೆಳಿಗ್ಗೆ ಬಂದರೂ ಅವ್ವ ಅದೇ ಪ್ರೀತಿಯಿಂದ ಬೈಕಿಗೆ ಆರತಿ ಎತ್ತುತ್ತಾಳೆ.